ಬಲಗಾಲಿನ ಸರದಿ

ನನ್ನ ಬಲ ಸೊಂಟದ ಕೀಲು ಸವೆದುಹೋಗಿತ್ತು. ಅದನ್ನು ತೆಗೆದು ಲೋಹದ ಕೀಲು ಕೂರಿಸಿದರು. ಆಪರೇಷನ್ ಬಗ್ಗೆ ನನ್ನನ್ನು ಕೇಳಬೇಡಿ. ಅದು ಡಾಕ್ಟರರ ಕೆಲಸ, ಅವರು ಮಾಡಿದರು, ನಾನು ಮಲಗಿದ್ದೆ ಅಷ್ಟೆ. ನೋಡಲು ಬಂದವರೆಲ್ಲ ಕಿತ್ತಳೆ ಹಣ್ಣು ಕೈಗಿಟ್ಟು ಆಪರೇಷನ್ನಿನ ಸುದ್ದಿಯನ್ನೇ ತೆಗೆಯುತ್ತಿದ್ದರು. ನಾನು ಒದ್ದಾಡಿದ್ದು ಆಮೇಲೆ, ಮನೆಗೆ ಬಂದ ಮೇಲೆ. ಅದನ್ನು ಹೇಳಲಿಕ್ಕೆ ನನಗೆ ಒಂದಿಷ್ಟೂ ಸಂಕೋಚವಿಲ್ಲ.

ನಾವು ಉಡುಪಿ ಕಡೆಯ ಹೋಟೆಲಿನವರು. ನನ್ನ ಮಾವ ಈ ಊರಿಗೆ ಬಂದು ಎಗ್ಮೋರ್ ಸ್ಟೇಷನ್ನಿನ ಹತ್ತಿರ ಹೋಟೆಲ್ ಹಾಕಿದರು. ಈಗ ಅದನ್ನು ನನ್ನ ಗಂಡ ಮತ್ತು ಮೈದುನ ನಡೆಸುತ್ತಾರೆ. ಗಲ್ಲಾದಲ್ಲಿ ಗಂಡಸರು ಕೂರುತ್ತಾರೆ, ಅಡುಗೆ ಭಟ್ಟರು ಮಾಡುತ್ತಾರೆ. ಆದರೆ ಸಾಂಬಾರಿನ ಪುಡಿಗೆ ಏನನ್ನು ಎಷ್ಟು ಹುರಿಯಬೇಕು, ಚಟ್ನಿಗೆ ಎಷ್ಟು ಕಾಯಿ ಹಾಕಬೇಕು ಎನ್ನುವುದು ಮನೆಯ ಹೆಂಗಸಿನ ಮಾತು. ಯಾವ ಹೆಂಗಸು ಎನ್ನುವುದಕ್ಕೂ ನಮ್ಮಲ್ಲೊಂದು ಪದ್ಧತಿ ಇದೆ. ಹೊಸ ಹೋಟೆಲ್ ತೆರೆಯುವ ದಿನ ಹಿರಿಸೊಸೆ ಮುಂಬಾಗಿಲಿನಿಂದ ಬಲಗಾಲಿಟ್ಟು ಒಳಗೆ ಹೋಗಿ, ಮೊದಲ ಒಲೆ ಹಚ್ಚಿ, ಹಾಲು ಉಕ್ಕಿಸಬೇಕು. ಹಾಲು ಉಕ್ಕಿಸಿದವಳದ್ದೇ ಆ ಅಡುಗೆಮನೆಯಲ್ಲಿ ಕೊನೆಯ ಮಾತು. ನನ್ನ ಅತ್ತೆ ಎಗ್ಮೋರಿನಲ್ಲಿ ಉಕ್ಕಿಸಿದರು, ಅವರಿರುವವರೆಗೆ ಅಲ್ಲಿ ಒಂದು ಮೆಣಸಿನಕಾಯಿ ಕೂಡ ಅವರನ್ನು ಕೇಳದೆ ಬಾಣಲೆಗೆ ಬೀಳಲಿಲ್ಲ.

ಈಗ ವಡಪಳನಿಯಲ್ಲಿ ನಮ್ಮ ಎರಡನೆಯ ಹೋಟೆಲ್ ಏಳುತ್ತಿತ್ತು. ಅದಕ್ಕಾಗಿ ಜಾಗ ಹುಡುಕಿದ್ದು, ಒಲೆ ಎಲ್ಲಿ ಬರಬೇಕು, ರುಬ್ಬುವ ಯಂತ್ರ ಎಲ್ಲಿರಬೇಕು ಎಂದು ನಿಂತು ಗುರುತು ಹಾಕಿಸಿದ್ದು ನಾನು, ಕುಂಟುತ್ತಲೇ. ಮುಹೂರ್ತ ಇಟ್ಟದ್ದು ಆವಣಿಯಲ್ಲಿ. ಉಡುಪಿ ಕಡೆಯ ಆಟಿ, ಇಲ್ಲಿಯ ತಮಿಳರ ಆಡಿ, ಆ ತಿಂಗಳಲ್ಲಿ ಎರಡೂ ಕಡೆ ಶುಭಕಾರ್ಯ ಇಲ್ಲ, ಅದು ಕಳೆದರೆ ಆವಣಿ. ಆಡಿ ಮುಗಿಯುವುದರೊಳಗೆ ಕಾಲು ಸರಿಮಾಡಿಕೊಂಡರೆ ಆವಣಿಯಲ್ಲಿ ನಾನೇ ಹೋಗಿ ಹಾಲು ಉಕ್ಕಿಸಬಹುದು ಎಂದು ಲೆಕ್ಕ ಹಾಕಿಯೇ ಆಪರೇಷನ್ನಿಗೆ ಒಪ್ಪಿದ್ದೆ. ಲೆಕ್ಕದಲ್ಲಿ ಒಂದು ವಿಷಯ ಬಿಟ್ಟುಹೋಗಿತ್ತು.

ಆಸ್ಪತ್ರೆಯಿಂದ ಮನೆಗೆ ಬಂದ ದಿನ ನಮ್ಮವರೇ, ನನ್ನ ಗಂಡನೇ, ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದರು. ಎರಡು ಕೈಯಲ್ಲಿ ವಾಕರ್, ಎದುರಿಗೆ ಒಂದು ಮೆಟ್ಟಿಲು, ಅದರ ಮೇಲೆ ಹೊಸಿಲು. ಹಳೆಯ ಮನೆ, ಹೊಸಿಲು ಎತ್ತರ. ಆಸ್ಪತ್ರೆಯಲ್ಲಿ ಹೇಗೆ ಹತ್ತಬೇಕೆಂದು ತೋರಿಸಿಕೊಟ್ಟಿದ್ದರು, ನಾನೂ ತಲೆಯಾಡಿಸಿ ಬಂದಿದ್ದೆ.

"ಬಲಗಾಲು ಇಟ್ಟು ಬಾ ಮಾರಾಯ್ತಿ," ಎಂದರು ನಮ್ಮವರು.

ಅವರು ಹೇಳದಿದ್ದರೂ ನಾನು ಅದನ್ನೇ ಮಾಡುತ್ತಿದ್ದೆ. ಬಲಗಾಲನ್ನು ಮೆಟ್ಟಿಲ ಮೇಲಿಟ್ಟು ಮೈಯ ಭಾರ ಹಾಕಿದೆ, ಅಷ್ಟೆ. ಸೊಂಟದಿಂದ ಮೊಣಕಾಲಿನವರೆಗೆ ಬೆಂಕಿ ಹರಿದಂತಾಗಿ ಕಾಲು ಕುಸಿಯಿತು. ಮೈದುನ ಹಿಂದಿನಿಂದ ಕಂಕುಳಿಗೆ ಕೈಹಾಕಿ ಹಿಡಿದ. ಆರತಿ ತಟ್ಟೆ ನೆಲಕ್ಕೆ ಬಿದ್ದು ಕೆಂಪು ನೀರೆಲ್ಲ ನನ್ನ ವಾಕರಿಗೂ ನಮ್ಮವರ ಬಿಳಿ ಪಂಚೆಗೂ ಎರಚಿತು. ಬೀದಿಯಲ್ಲಿ ಹೋಗುತ್ತಿದ್ದವರು ರಕ್ತವೆಂದು ಗಾಬರಿಯಾಗಿ ಓಡಿಬಂದರು. ಅಯ್ಯೋ ದೇವರೇ, ಒಳಗೆ ಬಂದ ರೀತಿ ಅದು!

ಮರುದಿನ ಫಿಸಿಯೋಥೆರಪಿಯ ಹುಡುಗಿ ಬಂದಳು. ಎಣ್ಣೂರಿನವಳು, ಲೋಕಲ್ ಟ್ರೈನ್ ಹಿಡಿದು ಬರುತ್ತಿದ್ದಳು. ತೆಳ್ಳಗಿನ ಮೈ, ದಪ್ಪ ದನಿ. ಬಂದವಳು ಚೀಲ ಇಳಿಸುವ ಮೊದಲೇ ನನ್ನ ಮುಖ ನೋಡಿ, "ಏನಮ್ಮಾ ಮಾಡಿಕೊಂಡಿರಿ?" ಎಂದು ತಮಿಳಿನಲ್ಲಿ ಕೇಳಿದಳು. ಹೇಳಿದೆ. ಕೇಳಿ ಹಣೆಗೆ ಕೈ ಹಚ್ಚಿದಳು.

"ಮೇಲೆ ಹತ್ತುವಾಗ ನಲ್ಲ ಕಾಲು, ಗಟ್ಟಿ ಇರುವ ಕಾಲು, ಮೊದಲು. ನಿಮಗೆ ಎಡಗಾಲು ನಲ್ಲ ಕಾಲು. ಅದು ಮೇಲೆ ಹೋಗಿ ಮೈಯನ್ನು ಎತ್ತಬೇಕು, ಆಪರೇಷನ್ ಆದ ಕಾಲು ಆಮೇಲೆ ಬಂದು ಸೇರಿಕೊಳ್ಳುತ್ತದೆ. ಇಳಿಯುವಾಗ ಆಪರೇಷನ್ ಕಾಲು ಮೊದಲು. ಆಸ್ಪತ್ರೆಯಲ್ಲಿ ಹೇಳಲಿಲ್ಲವೇ?"

"ಹೇಳಿದರು. ಆದರೆ ಎಡಗಾಲಿಟ್ಟು ಮನೆಯೊಳಗೆ ಬರ್ಲಿಕ್ಕೆ ಆಗುತ್ತದಾ?"

"ಬಿದ್ದು ಬರ್ಲಿಕ್ಕೆ ಆಗುತ್ತದಾ?" ಎಂದು ನನ್ನದೇ ಧಾಟಿಯಲ್ಲಿ ಕೇಳಿದಳು. ನನಗೆ ಸಿಟ್ಟು ಬಂತು. ನಗುವೂ ಬಂತು, ಆದರೆ ತೋರಿಸಲಿಲ್ಲ.

ಅವಳು ವ್ಯಾಯಾಮ ಶುರುಮಾಡಿಸಿದಳು. ಮೊದಮೊದಲು ಎಲ್ಲ ಮಂಚದ ಮೇಲೆಯೇ. ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸಿ ಮೊಣಕಾಲು ಮಡಚುವುದು, ಪೃಷ್ಠದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವುದು. ಇದೆಂತ ಮಕ್ಕಳಾಟ ಎಂದುಕೊಂಡಿದ್ದೆ. ಹಿಮ್ಮಡಿ ಒಂದು ಗೇಣು ಜಾರುವಷ್ಟರಲ್ಲಿ ಬೆನ್ನೆಲ್ಲ ಬೆವರು. ದೊಡ್ಡ ಕಲ್ಲಿನ ಮುಂದೆ ಕೂತು ಹಿಟ್ಟು ರುಬ್ಬಿ ಬೆಳೆದವಳು ನಾನು, ಒಂದು ಕಾಲನ್ನು ಹಾಸಿಗೆಯ ಮೇಲೆ ಎಳೆದುಕೊಳ್ಳಲು ಆಗುವುದಿಲ್ಲವೆಂದರೆ! ಹಲ್ಲು ಕಚ್ಚಿ ಮಾಡಿದೆ. ಅವಳು ಹೋದ ಮೇಲೂ ಮಾಡಿದೆ. ಜಾಸ್ತಿ ಮಾಡಿದರೆ ಬೇಗ ಗುಣವಾಗುತ್ತದೆಂದು ಮಾಡಿ ಸಂಜೆಗೆ ತೊಡೆ ಊದಿಸಿಕೊಂಡೆ, ಅದಕ್ಕೂ ಬೈಗುಳ ತಿಂದೆ.

ಬೇಡ ಎಂದದ್ದೂ ಒಂದೆರಡಲ್ಲ. ನೆಲದ ಮೇಲೆ ಕೂರಬಾರದು. ಕಾಲ ಮೇಲೆ ಕಾಲು ಹಾಕಬಾರದು. ಬಗ್ಗಿ ಏನನ್ನೂ ಎತ್ತಬಾರದು. ಮಗ್ಗುಲಾಗುವಾಗ ಎರಡು ಕಾಲಿನ ನಡುವೆ ದಿಂಬು. ಮಣೆ ಹಾಕಿ ಎಲೆಯ ಮುಂದೆ ಕೂತು ಉಣ್ಣುವವಳನ್ನು ಎತ್ತರದ ಕುರ್ಚಿಯ ಮೇಲೆ ಕೂರಿಸಿದರು. ಕಕ್ಕಸಿನ ಮೇಲೂ ಒಂದು ಎತ್ತರದ ಸೀಟು ಬಂತು. ನೆಲವನ್ನು ಬಿಟ್ಟು ಬದುಕುವುದು ನನಗೆ ಬೇಜಾರೇ ಆಯಿತು, ಆಗಲಿಲ್ಲ ಎಂದರೆ ಸುಳ್ಳು. ಆದರೆ ಒಲೆಯ ಮುಂದೆ ನಿಂತೇ ಕೆಲಸ ಅಲ್ಲವೇ, ನಿಲ್ಲುವುದು ಬಂದರೆ ಸಾಕು ಎಂದು ನನಗೆ ನಾನೇ ಹೇಳಿಕೊಂಡೆ.

ಒಂದೇ ವಿಷಯದಲ್ಲಿ ನಾನು ಅವಳ ಮಾತು ಕೇಳಿರಲಿಲ್ಲ. ಬೀದಿಯ ಮೆಟ್ಟಿಲಿಗೆ ಹೋಗುವ ಪ್ರಸಂಗ ಹೆಚ್ಚಿರಲಿಲ್ಲ, ಸರಿ. ಆದರೆ ಹಳೆಯ ಮನೆಯಲ್ಲಿ ದೇವರ ಕೋಣೆಗೆ ಹೊಸಿಲು, ಅಡುಗೆಮನೆಗೆ ಹೊಸಿಲು, ನಡುಮನೆಗೆ ಹೊಸಿಲು. ಎಲ್ಲದಕ್ಕೂ ವಾಕರ್ ಊರಿ ಬಲಗಾಲೇ ಮೊದಲು ಇಡುತ್ತಿದ್ದೆ. ಬೇಕೆಂದೇ ಮಾಡಿದೆ ಎಂದಲ್ಲ, ಕಾಲು ತಾನಾಗಿ ಹೋಗುತ್ತಿತ್ತು. ನೋವು ಕಡಿಮೆಯಾಗುವ ಬದಲು ಸೊಂಟದ ಪಕ್ಕದಲ್ಲಿ ಹಿಡಿದುಕೊಳ್ಳತೊಡಗಿತು. ಹುಡುಗಿಗೆ ಅರ್ಥವಾಗಲಿಲ್ಲ. ಡಾಕ್ಟರರಿಗೆ ಫೋನ್ ಮಾಡಿದಳು, ಅವರು ಎಕ್ಸ್‌ರೇ ತೆಗೆಸಿ ಕೀಲು ಸರಿಯಾಗಿದೆ ಎಂದರು. ಒಂದು ಬೆಳಿಗ್ಗೆ ಅವಳು ಬರುವಾಗ ನಾನು ದೇವರಿಗೆ ಹೂ ಇಡಲು ಹೋಗುತ್ತಿದ್ದೆ. ಹಿಂದೆಯೇ ನಿಂತು ನೋಡಿದ್ದಾಳೆ.

"ಅಮ್ಮಾ! ದಿನಕ್ಕೆ ಎಷ್ಟು ಹೊಸಿಲು ದಾಟುತ್ತೀರಿ ಹೀಗೆ?"

ಸಿಕ್ಕಿಬಿದ್ದ ಮೇಲೆ ಇನ್ನೇನು. ಕೂತು ಎಲ್ಲ ಹೇಳಿದೆ. ವಡಪಳನಿಯ ಹೋಟೆಲಿಗೆ ಮೂರು ಮೆಟ್ಟಿಲಿದೆ, ಅದರ ಮೇಲೆ ಹೊಸಿಲಿದೆ, ಆ ಹೊಸಿಲಿಗೆ ನನ್ನ ಬಲಗಾಲೇ ಮೊದಲು ಬೀಳಬೇಕು, ಇಲ್ಲದಿದ್ದರೆ ಹಾಲು ಉಕ್ಕಿಸುವುದು ಬೇರೆಯವರು, ಅಡುಗೆಮನೆ ಬೇರೆಯವರದ್ದು ಎಂದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ.

"ಯಾವಾಗ?" ಎಂದಳು.

"ಆವಣಿ ಹುಟ್ಟಿದ ಮೇಲೆ, ಮೊದಲ ಮುಹೂರ್ತ."

ಬೆರಳು ಮಡಚಿ ಎಣಿಸಿದಳು. "ಮುಡಿಯುಂ," ಎಂದಳು. ಆಗುತ್ತದೆ. "ಆದರೆ ಅಲ್ಲಿಯವರೆಗೆ ಮನೆಯ ಎಲ್ಲ ಹೊಸಿಲಿಗೂ ಎಡಗಾಲು. ನಾನು ಹೇಳುವವರೆಗೆ. ನಿಮ್ಮ ಬಲಗಾಲಿಗೆ ಸರದಿ ಬರುತ್ತದೆ, ಈಗಲೇ ಕೆಲಸ ಕೊಟ್ಟು ಕೆಡಿಸಬೇಡಿ."

ಹೀಗೆ ಒಪ್ಪಂದವಾಯಿತು. ದೇವರ ಕೋಣೆಗೆ ಎಡಗಾಲಿಡುವಾಗ ಮೊದಲು "ತಪ್ಪಾಯಿತಪ್ಪಾ" ಎಂದು ಗಟ್ಟಿಯಾಗಿ ಹೇಳಿ ದಾಟುತ್ತಿದ್ದೆ. ನಮ್ಮವರು ಪೇಪರ್ ಅಡ್ಡ ಹಿಡಿದು, "ನಾನು ನೋಡ್ಲಿಲ್ಲ, ನೀನು ಹೋಗು," ಎನ್ನುತ್ತಿದ್ದರು. ಸ್ವಲ್ಪ ದಿನ ಕಳೆದ ಮೇಲೆ ಇಬ್ಬರಿಗೂ ಅದು ರೂಢಿಯಾಯಿತು. ದೇವರೂ ಏನೂ ಅನ್ನಲಿಲ್ಲ.

ಸೊಂಟದ ಹಿಡಿತ ಬಿಟ್ಟ ಮೇಲೆ ಹುಡುಗಿ ನಿಂತು ಮಾಡುವ ವ್ಯಾಯಾಮಕ್ಕೆ ನನ್ನನ್ನು ಅಡುಗೆಮನೆಗೇ ಕರೆತಂದಳು. ಕಟ್ಟೆ ಹಿಡಿದು ನಿಂತು ಬಲಗಾಲನ್ನು ಪಕ್ಕಕ್ಕೆ ಎತ್ತಬೇಕು. ಮೈ ವಾಲಬಾರದು. ಒಲೆಯ ಮೇಲೆ ಕೊತ್ತಂಬರಿ ಹುರಿಯುತ್ತಿದ್ದರೆ ನಾನು ಕಾಲು ಎತ್ತುತ್ತಲೇ, "ಬೆಂಕಿ ಸಣ್ಣ ಮಾಡಿ, ಸೀಯುತ್ತದೆ" ಎಂದು ಕೂಗುತ್ತಿದ್ದೆ. ಅವಳು, "ಅಮ್ಮಾ, ಸೊಂಟದ ಮೇಲೆ ಗಮನ, ಕೊತ್ತಂಬರಿಯ ಮೇಲೆ ಅಲ್ಲ," ಎನ್ನುತ್ತಿದ್ದಳು. ವಾಕರ್ ಹೋಗಿ ಕೋಲು ಬಂತು. ಕೋಲು ಎಡಗೈಯಲ್ಲಿ, ಯಾಕೆಂದರೆ ನೋವಿನ ಎದುರು ಬದಿ ಭಾರ ಹೊರಬೇಕು.

ಆಮೇಲೊಂದು ದಿನ ಊಟಕ್ಕೆ ಕೂರುವ ಮಣೆಯನ್ನು ಕೇಳಿದಳು. ಕೊಟ್ಟೆ. ಗೋಡೆಯ ಪಕ್ಕ ಇಟ್ಟು, "ಬಲಗಾಲು ಇದರ ಮೇಲೆ," ಎಂದಳು. ಎರಡು ಬೆರಳಿನ ಎತ್ತರದ ಮಣೆ. ಅದರ ಮೇಲೆ ಬಲಗಾಲಿಟ್ಟು, ಆ ಕಾಲೊಂದರಿಂದಲೇ ಮೈಯನ್ನು ಎತ್ತಿ, ಎಡಗಾಲನ್ನು ಪಕ್ಕಕ್ಕೆ ತರಬೇಕು. ಮೊದಲ ದಿನ ಎತ್ತಲಾಗಲಿಲ್ಲ. ಎರಡನೆಯ ದಿನವೂ ಇಲ್ಲ. ನನಗೆ ಅಳು ಬಂತು, ಅಳುವುದಕ್ಕೆ ಬದಲು ಅವಳ ಮೇಲೆ ಹಾರಾಡಿದೆ. "ಕಬ್ಬಿಣ ಕೂರಿಸಿ ಎರಡು ತಿಂಗಳಾಗಲಿಕ್ಕೆ ಬಂತು, ಒಂದು ಮಣೆ ಹತ್ತಲಿಕ್ಕಾಗುದಿಲ್ಲ, ನೀನು ಎಂತ ಕಲಿಸುದು?" ಎಂದೆ. ಕನ್ನಡದಲ್ಲೇ ಬೈದೆ. ಅವಳು ನೀರು ಕುಡಿದು, "ಬೈದು ಮುಗಿಯಿತಾ? ಈಗ ಹತ್ತಿ," ಎಂದಳು. ಹತ್ತಿದೆ! ಸಿಟ್ಟಿಗೋ ಏನೋ, ಹತ್ತಿಬಿಟ್ಟೆ. ನಮ್ಮವರು ಪೇಪರ್ ಬಿಸಾಡಿ ಎದ್ದು ಬಂದರು.

ಈ ನಡುವೆ ಮನೆಯವರು ಬೇರೆಯೇ ಮಾತಾಡಿಕೊಂಡಿದ್ದರು. ಮೈದುನ ಮತ್ತು ನನ್ನ ಓರಗಿತ್ತಿ ವಡಪಳನಿಯಲ್ಲೇ ಲಿಫ್ಟ್ ಇರುವ ಫ್ಲಾಟಿನಲ್ಲಿದ್ದಾರೆ. ಒಂದು ಭಾನುವಾರ ಇಬ್ಬರೂ ಬಂದರು.

"ಅಕ್ಕ, ನಾನೊಂದು ಹೇಳ್ತೇನೆ," ಎಂದಳು ಓರಗಿತ್ತಿ. "ಆ ಮುಂದಿನ ಮೆಟ್ಟಿಲಿಗೆ ಹಿಡ್ಕೊಳ್ಳಿಕ್ಕೆ ಕಂಬಿ ಕೂಡ ಇಲ್ಲ. ಹಿಂದೆ ತರಕಾರಿ ಮೂಟೆ, ಸಿಲಿಂಡರ್ ತರುವ ಇಳಿಜಾರು ಉಂಟಲ್ಲ, ಅಲ್ಲಿಂದ ಗಾಲಿಕುರ್ಚಿಯಲ್ಲಿ ಕರ್ಕೊಂಡು ಹೋಗುವ. ನಾನೂ ನಿಮ್ಮೊಟ್ಟಿಗೆ ಹಿಂದಿನಿಂದಲೇ ಬರ್ತೇನೆ."

"ಮುಂದಿನಿಂದಲೇ ಬೇಕಾದರೆ ನಾಲ್ಕು ಜನ ಕುರ್ಚಿ ಸಮೇತ ಎತ್ತಿ ಒಳಗಿಡ್ತಾರೆ ಅತ್ತಿಗೆ," ಎಂದ ಮೈದುನ.

"ನಾಲ್ಕು ಜನ ಎತ್ತುದು ದೇವರನ್ನು, ಇಲ್ಲದಿದ್ದರೆ ಹೆಣವನ್ನು. ನಾನು ಎರಡೂ ಅಲ್ಲ," ಎಂದೆ.

"ಹಾಗಾದರೆ ಇವಳು ಹೋಗಿ ಉಕ್ಕಿಸಲಿ ಬಿಡಿ. ಇವಳೂ ಸೊಸೆಯೇ ಅಲ್ಲವಾ," ಎಂದ ಅವನು, ಒಳ್ಳೆಯ ಮನಸ್ಸಿನಿಂದಲೇ.

ಓರಗಿತ್ತಿಯ ಮುಖ ಬಿಳುಚಿತು. "ಬೇಡ, ಬೇಡ, ಅಕ್ಕನೇ," ಎಂದು ಎದ್ದು ಗೋಡೆ ಹಿಡಿದು ಬಚ್ಚಲ ಕಡೆ ಹೋದಳು. ನನಗೆ ಮೈಯೆಲ್ಲ ಉರಿಯಿತು. ಇವಳ ನಾಟಕ ನನಗೆ ಗೊತ್ತಿಲ್ಲವೇ ಎಂದುಕೊಂಡೆ. ಹಿಂದಿನ ಬಾಗಿಲಿನಿಂದ ಮೂಟೆಯ ಹಾಗೆ ಬಂದವಳು ಹಾಲು ಉಕ್ಕಿಸಿದರೆ ಭಟ್ಟರು ಲೆಕ್ಕಕ್ಕೆ ಇಟ್ಟುಕೊಳ್ಳುತ್ತಾರೆಯೇ? ಆರು ತಿಂಗಳಲ್ಲಿ ಅಡುಗೆಮನೆ ಅವಳ ಸೆರಗಿಗೆ ಬೀಳುತ್ತದೆ. ಅವರು ಹೋದ ಮೇಲೆ ಮಣೆಯ ಮೇಲೆ ಹತ್ತಿ ಇಳಿದು ಹತ್ತಿ ಇಳಿದು ಸುಸ್ತಾದೆ. ಮಾರನೆಯ ದಿನ ಹುಡುಗಿಗೆ, "ಮಣೆ ಸಾಕು, ಮೆಟ್ಟಿಲಿಗೆ ಕರ್ಕೊಂಡು ಹೋಗು," ಎಂದೆ.

ಮೆಟ್ಟಿಲು ಕಲಿತೆ. ಮೊದಲು ಅವಳ ಕೈ ಹಿಡಿದು, ಆಮೇಲೆ ಕೋಲಿನಿಂದ. ಮುಹೂರ್ತಕ್ಕೆ ವಾರವಿರುವಾಗ ಅವಳು ನನ್ನನ್ನು ನಿಲ್ಲಿಸಿ ಲೆಕ್ಕ ಮಾಡಿ ಹೇಳಿದಳು. ಮೂರು ಮೆಟ್ಟಿಲಿಗೂ ಎಡಗಾಲೇ ಮೊದಲು, ಅಲ್ಲಿ ವೀರಾವೇಶ ಬೇಡ. ಹೊಸಿಲ ಮುಂದೆ ನಿಂತು ಉಸಿರು ತೆಗೆದುಕೊಳ್ಳಬೇಕು. ಅಲ್ಲಿ ಮಾತ್ರ ಬಲಗಾಲು.

ಮುಹೂರ್ತ ಬೆಳಗಿನ ಜಾವ. ದೇವಸ್ಥಾನದ ಕಡೆ ಹೋಗುವವರ ಚಪ್ಪಲಿ ಸದ್ದು ಆಗಲೇ ಬೀದಿಯಲ್ಲಿತ್ತು. ಬಾಗಿಲಿಗೆ ಬಾಳೆಗಿಡ ಕಟ್ಟಿದ್ದರು, ನಾದಸ್ವರದವರು ಮೂಲೆಯಲ್ಲಿ ಕೂತಿದ್ದರು. ಭಟ್ಟರು, ಸಪ್ಲೈಯರ್‌ಗಳು, ಊರಿನಿಂದ ಬಂದ ನೆಂಟರು, ಎಲ್ಲರ ಕಣ್ಣು ನನ್ನ ಕಾಲಿನ ಮೇಲೆ. ಹುಡುಗಿ ಮೊದಲ ಟ್ರೈನಿಗೇ ಹೊರಟು ಬಂದಿದ್ದಳು. ರೇಷ್ಮೆ ಸೀರೆ ಉಟ್ಟುಕೊಂಡು ಒಂದು ಬದಿಯಲ್ಲಿ ನಿಂತಿದ್ದಳು, ಬಿದ್ದರೆ ಹಿಡಿಯುವ ಹಾಗೆ ಕೈ ಮಾತ್ರ ಸ್ವಲ್ಪ ಮುಂದೆ.

ಒಂದು ಮೆಟ್ಟಿಲು. ಎರಡು. ಮೂರು. ಹೊಸಿಲ ಮುಂದೆ ನಿಂತೆ. ಹುಡುಗಿ ಹೇಳಿದಂತೆ ಉಸಿರು ತೆಗೆದುಕೊಂಡೆ. "ಬಲಗಾಲು, ಬಲಗಾಲು," ಎಂದು ಹಿಂದಿನಿಂದ ಯಾರೋ ಹೆಂಗಸು ಕೂಗಿದಳು. "ಗೊತ್ತುಂಟು ಮಾರಾಯ್ತಿ, ಸುಮ್ಮನಿರು," ಎಂದೆ ತಿರುಗದೆಯೇ. ಕೋಲನ್ನು ಎಡಗಡೆ ಊರಿದೆ. ಬಲಗಾಲನ್ನು ಎತ್ತಿ ಹೊಸಿಲ ಆಚೆ ಇಟ್ಟೆ. ಮೈಯ ಭಾರವೆಲ್ಲ ಅದರ ಮೇಲೆ ಬಿಟ್ಟೆ. ಸೊಂಟದ ಪಕ್ಕದ ಸ್ನಾಯು ಗಟ್ಟಿಯಾಗಿ ಹಿಡಿದು ನಿಂತಿತು. ನೋವಿಲ್ಲ, ಕುಸಿತವಿಲ್ಲ. ಎಡಗಾಲು ಹಗುರಾಗಿ ಮೇಲೆದ್ದು ಒಳಗೆ ಬಂತು. ಡೋಲು ಬಡಿದರು. ನಾನು ಒಳಗಿದ್ದೆ. ಆ ಖುಷಿಯನ್ನು ನಾನು ಸಣ್ಣದು ಮಾಡಿ ಹೇಳುವುದಿಲ್ಲ. ಮದುವೆಯ ದಿನವೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಒಲೆ ಹಚ್ಚಿದೆ. ಹಿತ್ತಾಳೆ ಪಾತ್ರೆಯಲ್ಲಿ ಹಾಲು ಇಟ್ಟೆ. ಆರತಿ ತಟ್ಟೆ ಹಿಡಿದು ನನ್ನ ಪಕ್ಕದಲ್ಲಿ ನಿಲ್ಲಬೇಕಾದವಳು ಓರಗಿತ್ತಿ. ನೋಡಿದರೆ ಅವಳಿಲ್ಲ. ಹಾಲು ಕಾಯುತ್ತಾ ಬಂತು, ಉಕ್ಕಿತು, ಪಾತ್ರೆಯ ಅಂಚಿನಿಂದ ಇಳಿದು ಒಲೆಗೆ ಬಿತ್ತು, ಎಲ್ಲರೂ ಕೈಮುಗಿದರು. ಆಗಲೂ ಅವಳಿಲ್ಲ. ನನ್ನ ಪಿತ್ತ ನೆತ್ತಿಗೇರಿತು. ಅಷ್ಟರಲ್ಲಿ ಉಗ್ರಾಣದ ಕಡೆಯಿಂದ, ಈರುಳ್ಳಿ ಮೂಟೆಗಳ ನಡುವೆ ಗೋಡೆ ಹಿಡಿದುಕೊಂಡು ಬಂದಳು. ಸೀರೆಯ ಅಂಚಿಗೆಲ್ಲ ಮಣ್ಣು.

"ಎಲ್ಲಿ ಹೋಗಿದ್ದಿ?" ಎಂದೆ ತಗ್ಗಿದ ದನಿಯಲ್ಲಿ, ಆದರೆ ಚೆನ್ನಾಗಿ ಚುಚ್ಚುವ ಹಾಗೆ. "ನಾನು ಉಕ್ಕಿಸುದು ನೋಡ್ಲಿಕ್ಕಾಗುದಿಲ್ಲವಾ ನಿಂಗೆ?"

"ಹಿಂದಿನಿಂದ ಬಂದೆ ಅಕ್ಕ." ನನ್ನ ತೋಳು ಹಿಡಿದಳು. "ಕಂಬಿ ಇಲ್ಲದ ಮೆಟ್ಟಿಲು ನಂಗೆ ಹತ್ತಲಿಕ್ಕಾಗುದಿಲ್ಲ. ಸೊಂಟ. ನಿಮ್ಮದರ ಹಾಗೆಯೇ. ಇವರಿಗೆ ಗೊತ್ತಿಲ್ಲ, ಹೇಳ್ಬೇಡಿ. ಆಪರೇಷನ್ ಅಂದರೆ ನಂಗೆ ಜೀವ ಹೋಗ್ತದೆ. ಆ ದಿನ ಇವರು ನನ್ನ ಹೆಸರು ಹೇಳಿದರಲ್ಲ, ಎಲ್ಲರೆದುರು ಬೀಳ್ತೇನೆ ಅಂತ ಅಂದಿನಿಂದ ನಿದ್ದೆ ಮಾಡ್ಲಿಲ್ಲ. ನಿಮ್ಮ ಕಾಲಿಗೆ ದಿನಾ ದೇವರಿಗೆ ದೀಪ ಇಟ್ಟಿದ್ದೇನೆ."

ಈ ಹೆಂಗಸು ನನ್ನ ಅಡುಗೆಮನೆಯನ್ನು ಕಸಿಯಲು ಬಂದವಳೆಂದು ನಾನು ಮಣೆ ಹತ್ತಿ ಇಳಿದಿದ್ದೆ. ಸುತ್ತ ನೋಡಿದೆ. ಹುಡುಗಿ ಕೇಸರಿಬಾತಿನ ತಟ್ಟೆ ಹಿಡಿದು ನಿಂತಿದ್ದಳು. ಅವಳನ್ನು ಕೈಸನ್ನೆ ಮಾಡಿ ಕರೆದೆ. ಆಮೇಲೆ ಅಡುಗೆಮನೆಯ ಹೊಸ ಯಜಮಾನಿಯ ದನಿಯಲ್ಲಿ, "ಇಲ್ಲಿಗೊಂದು ಕುರ್ಚಿ ತನ್ನಿ, ಎತ್ತರದ್ದು," ಎಂದು ಕೂಗಿದೆ.

ಕುರ್ಚಿ ಬಂತು. ಅವಳನ್ನು ಒಲೆಯ ಪಕ್ಕದಲ್ಲೇ ಕೂರಿಸಿದೆ. ಮೈದುನ ಜನರ ನಡುವಿನಿಂದ ದಾರಿ ಮಾಡಿಕೊಂಡು ಬಂದ.

"ಎಂತಾಯ್ತು ಇವಳಿಗೆ?"

"ಕಾಲು ನೋವು," ಎಂದೆ. "ನಾಳೆಯಿಂದ ನಮ್ಮಲ್ಲಿಗೆ ಬರ್ಲಿ. ಹುಡುಗಿ ನೋಡ್ತಾಳೆ, ಡಾಕ್ಟರರಿಗೂ ತೋರಿಸುವ. ನಾನು ಜೊತೆಗಿರ್ತೇನೆ."

"ಯಾವಾಗಿಂದ ನೋವು?"

ಅವಳು ನನ್ನ ಮುಖ ನೋಡಿದಳು. ಇವತ್ತು ಬೆಳಿಗ್ಗೆಯಿಂದ ಎಂದು ಹೇಳಿ ಮುಚ್ಚಿಹಾಕೋಣವೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ನನ್ನ ಕೈ ಬಿಟ್ಟು, ಕುರ್ಚಿಯಲ್ಲಿ ನೆಟ್ಟಗೆ ಕೂತು, ನಾದಸ್ವರದ ಮೇಲೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ಎರಡು ವರ್ಷ ಆಯ್ತು."